ಅಪ್‌ಡೇಟ್: ರಾಕಿ ಮೌಂಟನ್‌ನಲ್ಲಿ ನಮ್ಮ ಮದುವೆ ಆಯ್ತು!

ಕೊಲೊರಾಡೊದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ನಲ್ಲಿ ನಾವಿಬ್ಬರೇ ಹೋಗಿ ಮದುವೆ ಆಗಬೇಕು, ಏನೇನು ಬೇಕು ಅಂತ ಕೇಳಿದ್ದೆ ಅಲ್ವಾ, ಆಯ್ತು! ಸ್ಪ್ರೇಗ್ ಲೇಕ್‌ಗೆ ಬೆಳಗ್ಗೆ ಬೇಗ ಹೋಗಿ ಅಂದವರಿಗೆ ದೊಡ್ಡ ನಮಸ್ಕಾರ. ಎದುರಿಗೆ ಹಿಮ ಹೊದ್ದ ಬೆಟ್ಟಸಾಲು, ದಡದಲ್ಲಿ ಮೀನು ಹಿಡಿಯುವವರು ಒಂದಿಬ್ಬರು, ಅಷ್ಟೇ. ಟ್ರೇಲ್ ರಿಡ್ಜ್ ರೋಡ್ ಸಲಹೆ ಮಾತ್ರ ನಡೆಯಲಿಲ್ಲ. 12,000 ಅಡಿ ದಾಟುವ ಆ ರಸ್ತೆ ಸಾಮಾನ್ಯವಾಗಿ ಮೇ ಕೊನೆಗೆ ತೆರೆಯುತ್ತದೆ, ನಾವು ಹೋದಾಗ ಇನ್ನೂ ಮುಚ್ಚಿತ್ತು.

ಪುರೋಹಿತರನ್ನು ಹುಡುಕಿ ಅಂದಿದ್ರಿ, ಬೇಕಾಗಲೇ ಇಲ್ಲ. ಕೊಲೊರಾಡೊದಲ್ಲಿ ಜೋಡಿ ತಾವೇ ಸಹಿ ಹಾಕಿದರೆ ಸಾಕು, ಸಾಕ್ಷಿಗಳೂ ಬೇಡ. ಕೌಂಟಿ ಆಫೀಸಿನಲ್ಲಿ ಲೈಸೆನ್ಸ್ ತಗೊಂಡು 35 ದಿನದೊಳಗೆ ಮದುವೆ ಆಗಬೇಕು, ಆಮೇಲೆ 63 ದಿನದೊಳಗೆ ಅದನ್ನು ವಾಪಸ್ ಕೊಡಬೇಕು. ಪಾರ್ಕಿನ ಪರ್ಮಿಟ್ ಬೇರೆಯೇ, ಇಬ್ಬರೇ ಇದ್ದರೂ ಬೇಕು, ಸಾಕಷ್ಟು ಮುಂಚೆಯೇ ಅರ್ಜಿ ಹಾಕಿ.

ಗೊತ್ತಿಲ್ಲದೇ ಇದ್ದದ್ದು ಅಂದ್ರೆ ಅಲ್ಲಿ ಅಕ್ಷತೆ ಹಾಕೋ ಹಾಗಿಲ್ಲ! ಅಕ್ಕಿ, ಹೂವಿನ ಎಸಳು, ಯಾವುದನ್ನೂ ಎಸೆಯಬಾರದು. ನಮ್ಮಮ್ಮನಿಗೆ ಎಲ್ಲದಕ್ಕಿಂತ ಜಾಸ್ತಿ ಬೇಜಾರು ಅದೇ. ತಾಳಿ ಕಟ್ಟುವಾಗ ಚಳಿಗೆ ಇವರ ಬೆರಳು ಮರಗಟ್ಟಿ ಮೂರನೇ ಗಂಟು ಬೀಳೋಕೆ ಒಂದು ಯುಗ ಹಿಡಿಯಿತು, ಮೇ ತಿಂಗಳು ಅಂತ ನಂಬಬೇಡಿ, ಕೈಗವಸು ತಗೊಂಡು ಹೋಗಿ.