ಹೆಡ್‌ಫೋನಿನಲ್ಲಿ ಗುಂಯ್ ಸದ್ದು: ಕ್ಯಾಸೆಟ್ಟಿನದ್ದಾ, ಕರೆಂಟಿನದ್ದಾ?

ತೋಟದಂಚು (ಶಿರಸಿ ಹತ್ತಿರ):

ಅಪ್ಪಯ್ಯ ಹರೆಯದಲ್ಲಿ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಎಲ್ಲೆಲ್ಲಿ ತಾಳಮದ್ದಳೆ ಇದೆಯೋ ಅಲ್ಲೆಲ್ಲ ಹೋಗಿ ತುಂಬಿಸಿಕೊಂಡು ಬಂದ ಕ್ಯಾಸೆಟ್‌ಗಳು ಮನೆಯ ನಾಗಂದಿಗೆ ಮೇಲಿವೆ. ಇನ್ನೊಂದು ಮಳೆಗಾಲ ಕಂಡರೆ ಬೂಷ್ಟು ಹಿಡಿದು ಕತೆ ಮುಗಿಯುತ್ತದೆ ಅಂತ ಒಂದೊಂದೇ ಲ್ಯಾಪ್‌ಟಾಪಿಗೆ ಇಳಿಸುತ್ತಿದ್ದೇನೆ. ಹೆಚ್ಚಿನವು 90 ನಿಮಿಷದವು. ಒಂದು ಮಗ್ಗುಲು 45 ನಿಮಿಷಕ್ಕೆ ಖಾಲಿ, ಕೌರವ ಸಭೆಯಲ್ಲಿ ಬಾಯಿ ತೆರೆದವನು ತೆರೆದೇ ಉಳಿಯುತ್ತಾನೆ. ಅದಿರಲಿ.

ನನ್ನ ತಾಪತ್ರಯ ಹೆಡ್‌ಫೋನಿನದ್ದು. ಹಳೆಯ ಕ್ಯಾಸೆಟ್ ಡೆಕ್, ಎರಡು ಪಿನ್ನಿನ ಪ್ಲಗ್. ಅದರ ಹಿಂದಿನ ಕೆಂಪು-ಬಿಳಿ ತೂತಿನಿಂದ ವಯರು ಎಳೆದು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ಟಿದ್ದೇನೆ. ಲ್ಯಾಪ್‌ಟಾಪೂ ಹಳೆಯದೇ, ಮೈಕಿಗೊಂದು ಹೆಡ್‌ಫೋನಿಗೊಂದು ಬೇರೆ ಬೇರೆ ತೂತು ಇರುವಂಥದ್ದು, ಲೋಹದ ಮೈ. ಚಾರ್ಜರಿಗೆ ಮೂರು ಪಿನ್. ವಿಂಡೋಸ್ 10. ರೆಕಾರ್ಡಿಂಗಿಗೆ ಆಡಾಸಿಟಿ.

ಕೇಳುವುದು ಏನೇನು ಅಂದರೆ: ಒಂದೇ ಸಮ ಗುಂಯ್ ಎನ್ನುವ ಸದ್ದು. ಚೆಂಡೆ ಬೀಳುವಾಗ ಗೊತ್ತಾಗುವುದಿಲ್ಲ. ಪದ್ಯ ಮುಗಿದು ಅರ್ಥಧಾರಿ ಉಸಿರೆಳೆದುಕೊಳ್ಳುವ ಆ ಒಂದು ಗಳಿಗೆಯಲ್ಲಿ ಮಾತ್ರ ಎದ್ದು ಕೂರುತ್ತದೆ. ಲ್ಯಾಪ್‌ಟಾಪಿನ ಮೈ ಮುಟ್ಟಿದರೆ ಸದ್ದಿನ ಬಣ್ಣ ಬದಲಾಗುತ್ತದೆ, ಬರಿಗಾಲಲ್ಲಿದ್ದರೆ ಬೆರಳು ಜುಮ್ ಅನ್ನುವುದೂ ಉಂಟು. ಇದಲ್ಲದೆ ಮೌಸ್ ಆಡಿಸಿದಾಗೆಲ್ಲ ಸಣ್ಣಕ್ಕೆ ಚಿರಿಚಿರಿ. ಎಲ್ಲದಕ್ಕಿಂತ ವಿಚಿತ್ರದ್ದು, ಆಯಿ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿಸಿದರೆ ಅದು ಹೆಡ್‌ಫೋನಿನ ಒಳಗೇ ಕೇಳುತ್ತದೆ! ಕುಕ್ಕರ್ ಸೀಟಿ ಬರಿಗಿವಿಗಿಂತ ಹೆಡ್‌ಫೋನಿನಲ್ಲೇ ಜೋರು.

ಆಡಾಸಿಟಿಯ ನಾಯ್ಸ್ ರಿಡಕ್ಷನ್ ಹಾಕಿ ನೋಡಿದೆ. ಗುಂಯ್ ಕಡಿಮೆಯಾಯಿತು, ಆದರೆ ಭಾಗವತರು ಬಾವಿಯ ನೀರಿನೊಳಗೆ ಕೂತು ಹಾಡಿದ ಹಾಗಾಯಿತು. ಬೆಂಗಳೂರಿನ ಅಣ್ಣ ಹೇಳುವುದು ಒಂದೇ ಮಾತು, ಒಳ್ಳೆ ಹೆಡ್‌ಫೋನ್ ತಗೋ ಅಂತ. ದುಡ್ಡು ಹಾಕುವ ಮೊದಲು ಬಲ್ಲವರನ್ನು ಕೇಳೋಣ ಅನ್ನಿಸಿತು.

ಶರಾವತಿ ದಂಡೆ (ಹೊನ್ನಾವರ):

ಅಕ್ಕಾ, ಹೆಡ್‌ಫೋನ್ ತಗೊಳ್ಳಬೇಡಿ. ಹೆಡ್‌ಫೋನು ಚೊಕ್ಕ ಆದಷ್ಟೂ ಈ ಗಲಾಟೆ ಇನ್ನೂ ಚೊಕ್ಕವಾಗಿ ಕೇಳುತ್ತದೆ.

ನಿಮ್ಮ ಮಿಕ್ಸಿಯ ಕತೆಗೆ ಔಷಧಿ ವಿಂಡೋಸಿನಲ್ಲೇ ಇದೆ. ಮನೆಯಲ್ಲಿ ಯಾರೋ ಆನ್‌ಲೈನ್ ಕ್ಲಾಸಿಗೋ ಮತ್ತೊಂದಕ್ಕೋ ಆ ಲ್ಯಾಪ್‌ಟಾಪ್ ಹಿಡಿದಿದ್ದಿರಬೇಕು, ಅದರ ಸ್ವಂತ ಮೈಕು ಹೆಡ್‌ಫೋನಿಗೆ ನೇರ ಹರಿಯುತ್ತಿದೆ. ಹಳೆಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೌಂಡ್ ತೆರೆಯಿರಿ, ರೆಕಾರ್ಡಿಂಗ್ ಅನ್ನುವ ಪುಟಕ್ಕೆ ಹೋಗಿ. ಅಲ್ಲಿ ಕಾಣುವ ಪ್ರತಿ ಮೈಕಿನ ಪ್ರಾಪರ್ಟೀಸ್ ಒತ್ತಿ, ಲಿಸನ್ ಪುಟದಲ್ಲಿ ‘ಲಿಸನ್ ಟು ದಿಸ್ ಡಿವೈಸ್’ ಎದುರಿನ ಟಿಕ್ ತೆಗೆಯಿರಿ. ಒಂದೇ ಮೈಕ್ ನೋಡಿ ಬಿಡಬೇಡಿ, ಒಳಗಿನದ್ದೂ ತೂತಿನದ್ದೂ ಎರಡನ್ನೂ ನೋಡಿ. ಆಮೇಲೆ ಪ್ಲೇಬ್ಯಾಕ್ ಪುಟದಲ್ಲಿ ಸ್ಪೀಕರಿನ ಲೆವೆಲ್ಸ್ ತೆರೆದರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅಲ್ಲೂ ಒಂದು ಮೈಕಿನ ಪಟ್ಟಿ ಇರುತ್ತದೆ, ಅದನ್ನು ಮ್ಯೂಟ್ ಮಾಡಿ.

ಇನ್ನೊಂದು, ಡೆಕ್ಕಿನ ಲೈನ್ ಔಟ್ (ಆ ಕೆಂಪು-ಬಿಳಿ ತೂತು) ಕೊಡುವುದು ಮೂರನೇ ಒಂದು ವೋಲ್ಟಿನ ಆಸುಪಾಸು. ಮೈಕ್ ತೂತು ಕಾಯುತ್ತಿರುವುದು ಮಿಲಿವೋಲ್ಟಿಗೆ. ಮೈಕಿನ ಸದ್ದು ಹಿಗ್ಗಿಸುವ ಮೈಕ್ ಬೂಸ್ಟ್ 20ಕ್ಕೋ 30 ಡೆಸಿಬೆಲ್‌ಗೋ ಏರಿ ಕೂತಿದ್ದರೆ ಗುಂಯ್ ಕೂಡ ಅಷ್ಟೇ ಪಟ್ಟು ಏರಿರುತ್ತದೆ. ಸೊನ್ನೆಗೆ ತನ್ನಿ. ಮತ್ತೆ ಆ ತೂತು ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೋನೋ, ನಿಮ್ಮ ಕ್ಯಾಸೆಟ್ ಸ್ಟೀರಿಯೋ ಆಗಿದ್ದರೆ ಒಂದು ಕಿವಿ ಹೋಯಿತು ಅಂತಲೇ ಲೆಕ್ಕ.

ಗುಂಯ್ ಬಗ್ಗೆ ನನಗಿಂತ ಮೈಕ್‌ಸೆಟ್ ಅಣ್ಣ ಹೇಳಲಿ.

ಹಳೇ ಮೈಕ್‌ಸೆಟ್ (ಕುಮಟಾ):

ತಂಗಿ, ನೀನು ಬರೆದದ್ದರಲ್ಲಿ ‘ಬೆರಳು ಜುಮ್ ಅನ್ನುತ್ತದೆ’ ಅನ್ನುವುದು ಒಂದು ಸಾಲು ಸಾಕು. ನಿನ್ನ ಪ್ಲಗ್ಗಿನಲ್ಲಿ ಅರ್ತಿಂಗ್ ಇಲ್ಲ. ಪಿನ್ನು ಮೂರಿದ್ದರೂ ಮೂರನೆಯದಕ್ಕೆ ಹಿಂದೆ ದಿಕ್ಕಿಲ್ಲ.

ಚಾರ್ಜರಿನೊಳಗೆ ಕರೆಂಟಿನ ಕಡೆಗೂ ಲ್ಯಾಪ್‌ಟಾಪಿನ ಕಡೆಗೂ ನಡುವೆ ಪುಟ್ಟ ಕೆಪಾಸಿಟರ್ ಇಟ್ಟಿರುತ್ತಾರೆ. ಚಾರ್ಜರು ತಾನೇ ಎಬ್ಬಿಸುವ ರೇಡಿಯೋ ಗಲಾಟೆ ಹೊರಗೆ ಹೋಗಬಾರದು ಅಂತ. ಅದರ ಮೂಲಕ 230 ವೋಲ್ಟಿನ ಕಡೆಯಿಂದ ತೀರಾ ಸಣ್ಣ ಕರೆಂಟು ಈಚೆಗೆ ಸೋರುತ್ತದೆ. ಅರ್ತಿಂಗ್ ಸರಿ ಇದ್ದರೆ ನೆಲಕ್ಕೆ ಹೋಯಿತು, ಗೊತ್ತೇ ಆಗುವುದಿಲ್ಲ. ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮೈಮೇಲೆ ನಿಂತುಕೊಂಡು ದಾರಿ ಹುಡುಕುತ್ತದೆ. ನಿನ್ನ ಬೆರಳು ಒಂದು ದಾರಿ. ಡೆಕ್ಕಿಗೆ ಹೋದ ವಯರಿನ ಶೀಲ್ಡು, ಅಂದರೆ ಒಳತಂತಿಯ ಸುತ್ತ ಹೊದೆಸಿದ ತಂತಿ, ಇನ್ನೊಂದು. ಶೀಲ್ಡಿನಲ್ಲಿ ಹರಿದ ಕರೆಂಟು ಭಾಗವತರ ಪದ್ಯದ ಜೊತೆಗೇ ಒಳಗೆ ಬರುತ್ತದೆ, ಅದೇ ನಿನ್ನ ಗುಂಯ್.

ನಂಬಿಕೆ ಬಾರದಿದ್ದರೆ ಪರೀಕ್ಷೆ ಮಾಡು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೇಳು. ಆಮೇಲೆ ಚಾರ್ಜರ್ ಹಾಕಿ, ಡೆಕ್ಕಿನ ವಯರು ಕಿತ್ತು ಕೇಳು. ಎರಡರಲ್ಲೂ ಸದ್ದು ಹೋದರೆ ದಾರಿ ಆ ವಯರೇ. ವಯರು ಕಿತ್ತರೂ ಉಳಿದರೆ ಲ್ಯಾಪ್‌ಟಾಪಿನ ಒಳಗಿನ ಬೇನೆ. ಸದ್ದಿನ ಜಾತಿ ನೋಡಬೇಕೆಂದರೆ ಟೇಪು ಓಡಿಸದೆ ಸುಮ್ಮನೆ ಒಂದಿಷ್ಟು ಹೊತ್ತು ರೆಕಾರ್ಡ್ ಮಾಡಿ, ಆಡಾಸಿಟಿಯ ಅನಲೈಸ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ತೆಗೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅಲೆಯುವುದು, ಹಾಗಾಗಿ 50, 100, 150 ಹರ್ಟ್ಸಿನಲ್ಲಿ ಗೂಟ ನೆಟ್ಟ ಹಾಗೆ ಗೆರೆ ಕಾಣುತ್ತದೆ. 50 ದೊಡ್ಡದಿದ್ದರೆ ಹೆಚ್ಚಾಗಿ ವಯರು, ಅರ್ತಿಂಗ್ ಕಡೆಯದ್ದು. 100 ದೊಡ್ಡದಿದ್ದರೆ ಡೆಕ್ಕಿನ ಪವರ್ ಸಪ್ಲೈಯ ಕೆಪಾಸಿಟರ್ ಮುದಿಯಾಗಿರುವ ಸಂಭವ ಜಾಸ್ತಿ.

ಆ ಗೆರೆ ಕಂಡ ಕೂಡಲೇ ಅದನ್ನು ಕತ್ತರಿಸಲಿಕ್ಕೆ ಹೋಗಬೇಡ ಮಾರಾಯ್ತಿ. ಗಂಡುದನಿಯ ಬುಡ ಸುಮಾರು 85ರಿಂದ 180 ಹರ್ಟ್ಸ್ ನಡುವೆಯೇ ಇರುವುದು. ಮದ್ದಳೆಯ ಎಡದ ಪೆಟ್ಟೂ ಕೆಳಗಿನದೇ. 100ರಲ್ಲಿ ತೂತು ಕೊರೆದರೆ ಅವರ ದನಿಯಲ್ಲೂ ತೂತು ಬೀಳುತ್ತದೆ. ಬರುವ ದಾರಿ ಮುಚ್ಚಬೇಕು, ಬಂದದ್ದನ್ನು ಒರೆಸುವುದು ಕೊನೆಯ ಮಾತು.

ಈಗ ಮುಖ್ಯದ್ದು. ಯಾರಾದರೂ ‘ಅರ್ತ್ ಪಿನ್ ಮುರಿದು ಹಾಕಿ, ಸದ್ದು ನಿಲ್ಲುತ್ತದೆ’ ಅಂದರೆ ಕೇಳಬೇಡ. ಬಯಲಾಟದ ಮೈಕ್ ಕಟ್ಟುವಾಗ ಗುಂಯ್ ಬಂತು ಅಂದಕೂಡಲೇ ಇಕ್ಕಳ ತೆಗೆದು ಪಿನ್ನು ಮುರಿಯುವವರನ್ನು ಕಣ್ಣಾರೆ ಕಂಡಿದ್ದೇನೆ. ಅಲ್ಲಿನ ಗುಂಯ್ ಎರಡು ಯಂತ್ರಗಳ ಅರ್ತಿಂಗ್ ನಡುವೆ ಕರೆಂಟು ಸುತ್ತುವುದರಿಂದ ಬಂದದ್ದಾದರೆ ಸದ್ದು ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಆಂಪ್ಲಿಫೈಯರ್ ಒಳಗೆ ವಯರು ಕೆದರಿ ಡಬ್ಬಕ್ಕೆ ತಾಗಿದ ದಿನ, ಮಂಜಿಗೆ ನೆಂದ ರಂಗಸ್ಥಳದಲ್ಲಿ ಮೈಕ್ ಹಿಡಿದವನ ಗತಿ ಏನು? ಕಿವಿಗೆ ಸುಖ ಅಂತ ಜೀವ ಒತ್ತೆ ಇಡುವ ಕೆಲಸ ಅದು. ನನ್ನ ಸೆಟ್ಟಿನಲ್ಲಿ ಹಾಗೆ ಮುಟ್ಟಲಿಕ್ಕೆ ಬಿಟ್ಟವನಲ್ಲ ನಾನು.

ಎಲೆಕ್ಟ್ರಿಶಿಯನ್ ಕರೆಸಿ ಬೋರ್ಡು ಬಿಚ್ಚಿಸು, ಮೀಟರಿನಲ್ಲಿ ಫೇಸಿಗೂ ಅರ್ತಿಂಗಿಗೂ ನಡುವೆ ಎಷ್ಟಿದೆ ನೋಡಿಸು. ಫೇಸು-ನ್ಯೂಟ್ರಲ್ ಇದ್ದಷ್ಟೇ ಹತ್ತಿರ ಹತ್ತಿರ ಇರಬೇಕು. ಅರ್ತಿಂಗ್ ಗುಂಡಿಯನ್ನೂ ನೋಡಲಿ. ನಮ್ಮ ಜಿಲ್ಲೆಯ ಚಿರೇಕಲ್ಲಿನ ನೆಲ ಮಳೆಗಾಲದಲ್ಲಿ ಎಷ್ಟು ಕುಡಿಯುತ್ತದೋ ಅಷ್ಟೇ ಬೇಗ ಬಸಿದು ಬಿಡುತ್ತದೆ. ಇದ್ದಿಲು, ಉಪ್ಪು ಎಷ್ಟು ಹಾಕಿದ್ದರೂ ಏಪ್ರಿಲ್ ಹೊತ್ತಿಗೆ ಗುಂಡಿ ಒಣಗಿ ಕೂತಿರುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಆಗಾಗ ಕೊಡಪಾನ ನೀರು ಹೊಯ್ಯಬೇಕು, ಯಾರೂ ಹೊಯ್ಯುವುದಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದ್ದರೆ, ಕರೆಂಟು ಹೋದಾಗ ರೆಕಾರ್ಡ್ ಮಾಡಬೇಡ. ಸ್ಕ್ವೇರ್ ವೇವ್ ಮಾದರಿಯದ್ದಾದರೆ 150, 250, 350 ಅಂತ ಬೆಸ ಸಂಖ್ಯೆಯ ಪಟ್ಟುಗಳಲ್ಲಿ ಜೀಂಯ್ ಎನ್ನುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದರೂ ಡೆಕ್ಕು ಅದನ್ನೇ ಕುಡಿಯಬೇಕಲ್ಲ. ಮೊಬೈಲು ಡೆಕ್ಕಿನ ಹತ್ತಿರ ಬೇಡ. ಘಟ್ಟದ ಮೇಲೆ ಸಿಗ್ನಲ್ ಸಿಗದೆ 2ಜಿಗೆ ಇಳಿದಾಗ ಟಿಟಿಟಿಟ್ ಅಂತ ಬರುತ್ತದೆ, ಸೆಕೆಂಡಿಗೆ 217 ಮಿಡಿತ.

ಕಾಳಿ ಸಂಗಮ (ಕಾರವಾರ):

ಇಷ್ಟೆಲ್ಲ ಯಾಕೆ ಅಣ್ಣ? ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿದರೆ ಮುಗೀತು. ಲ್ಯಾಪ್‌ಟಾಪಿನ ಸ್ವಂತ ಸೌಂಡ್ ಚಿಪ್ಪು ಪ್ರೊಸೆಸರಿನ ಪಕ್ಕದಲ್ಲೇ ಕೂತು ಅದರ ಎಂಜಲು ಕರೆಂಟನ್ನೇ ತಿನ್ನುವುದು, ಮೌಸ್ ಆಡಿಸಿದರೆ ಚಿರಿಚಿರಿ ಬಾರದೆ ಇನ್ನೇನು. ಲೈನ್ ಇನ್ ಇರುವ ಕಾರ್ಡ್ ತಗೊಳ್ಳಿ ಅಕ್ಕಾ, ಸ್ಟೀರಿಯೋವೂ ಸಿಗುತ್ತದೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ, ಅದರ ಮೈಕು ತೆರೆದುಕೊಂಡ ಕ್ಷಣ ಸದ್ದೆಲ್ಲ ಫೋನಿನ ಮಾತಿನ ಮಟ್ಟಕ್ಕೆ ಇಳಿಯುತ್ತದೆ.

ಕರಾವಳಿಯವರಿಗೆ ಒಂದು ಮಾತು. ನನ್ನದು ಕಡಲಿಗೆ ಹತ್ತಿರದ ಮನೆ, ಉಪ್ಪುಗಾಳಿ. ಪಿನ್ನು ತಿರುಗಿಸಿದಾಗ ಕರಕರ ಅಂದರೆ, ಒಂದು ಕಿವಿ ಹೋಗಿ ಬಂದು ಮಾಡಿದರೆ ಅದು ಕಿಲುಬು. ಪಿನ್ನಿನ ಕಪ್ಪು ಉಂಗುರಗಳ ಅಂಚಿನಲ್ಲಿ ಹಸಿರು ಕಟ್ಟಿರುತ್ತದೆ, ಟಾರ್ಚ್ ಹಿಡಿದರೆ ಕಾಣುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ ಒರೆಸಿ. ತೂತಿಗಾದರೆ ಅದನ್ನೇ ಪಿನ್ನಿಗೆ ಸವರಿ, ಲ್ಯಾಪ್‌ಟಾಪ್ ಆಫ್ ಮಾಡಿಟ್ಟು ನಾಲ್ಕಾರು ಸಲ ಒಳಗೆ ಹೊರಗೆ ಮಾಡಿ. ಮರಳುಕಾಗದ ತಿಕ್ಕಿದರೆ ಮೇಲಿನ ಲೇಪ ಕಿತ್ತುಹೋಗಿ ಮುಂದಿನ ಮಳೆಗಾಲಕ್ಕೆ ಎರಡು ಪಟ್ಟು ಕಿಲುಬು.

ಹಳೇ ಮೈಕ್‌ಸೆಟ್ (ಕುಮಟಾ):

ಕಾರ್ಡ್ ಹಾಕಿದರೆ ಚಿರಿಚಿರಿ ಹೋಗಬಹುದು ತಮ್ಮ, ಗುಂಯ್ ಹೋಗುವುದು ಖಾತ್ರಿ ಇಲ್ಲ. ಯುಎಸ್‌ಬಿ ವಯರಿನಲ್ಲೂ ಗ್ರೌಂಡ್ ಇದೆ, ಲ್ಯಾಪ್‌ಟಾಪಿನ ಮೈಯದ್ದೇ ಅದು. ಸೋರಿಕೆಯ ಕರೆಂಟಿಗೆ ಸ್ವಲ್ಪ ಸುತ್ತುದಾರಿ ಆಯಿತು, ಅಷ್ಟೇ. ಆ ದಾರಿ ಕಡಿಯಬೇಕೆಂದರೆ ಡೆಕ್ಕಿಗೂ ಕಂಪ್ಯೂಟರಿಗೂ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕು. ಕಾರಿನ ಸ್ಟೀರಿಯೋ ಕೂರಿಸುವ ಅಂಗಡಿಗಳಲ್ಲಿ ಇರುತ್ತದೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಬಿಟ್ಟರೆ ಬೇರೇನಿಲ್ಲ, ಸದ್ದು ಆಯಸ್ಕಾಂತದ ಮೂಲಕ ದಾಟುತ್ತದೆ, ತಂತಿ ತಂತಿಗೆ ತಾಗುವುದಿಲ್ಲ. ಅಗ್ಗದ್ದರಲ್ಲಿ ಮದ್ದಳೆಯ ಕೆಳದನಿ ಸ್ವಲ್ಪ ತೆಳ್ಳಗಾಗುತ್ತದೆ, ಆ ದೃಷ್ಟಿಯಿಂದ ನನಗೆ ಅದು ಎರಡನೇ ಆಯ್ಕೆ.

ತೋಟದಂಚು (ಶಿರಸಿ ಹತ್ತಿರ):

ಎಲ್ಲ ಮಾಡಿ ನೋಡಿ ಬರೆಯುತ್ತಿದ್ದೇನೆ.

ಶರಾವತಿ ದಂಡೆಯವರೇ, ಟಿಕ್ ಸಿಕ್ಕಿತು. ಒಳಗಿನ ಮೈಕಿಗೆ ಹಾಕಿತ್ತು. ತೆಗೆದಕೂಡಲೇ ಅಡುಗೆಮನೆ ಅಡುಗೆಮನೆಯಲ್ಲೇ ಉಳಿಯಿತು. ಬೂಸ್ಟ್ ಕೂಡ ತುದಿಯಲ್ಲೇ ಇತ್ತು, ಇಳಿಸಿದೆ, ಗುಂಯ್ ಅರ್ಧಕ್ಕರ್ಧ ಇಳಿಯಿತು.

ಮೈಕ್‌ಸೆಟ್ ಅಣ್ಣ, ನೀವು ಹೇಳಿದಂತೇ. ಬ್ಯಾಟರಿಯಲ್ಲಿ ಸದ್ದಿಲ್ಲ. ಚಾರ್ಜರ್ ಇದ್ದು ಡೆಕ್ಕಿನ ವಯರು ಕಿತ್ತರೂ ಸದ್ದಿಲ್ಲ. ಎಲೆಕ್ಟ್ರಿಶಿಯನ್ ಬಂದು ಜಗಲಿಯ ಬೋರ್ಡ್ ಬಿಚ್ಚಿದರೆ, ಮೂರನೇ ತೂತಿನ ಹಿಂದಿನ ಸ್ಕ್ರೂ ಮಿರಮಿರ ಮಿಂಚುತ್ತಾ ಕೂತಿದೆ, ವಯರೇ ಬಂದಿಲ್ಲ! ಪೈಪಿನೊಳಗೂ ಹಸಿರು ವಯರು ಎಳೆದಿಲ್ಲ. ಫ್ರಿಜ್ ಇದೆ ಅಂತ ಅಡುಗೆಮನೆಯ ಬೋರ್ಡಿಗೆ ಮಾತ್ರ ಕೊಟ್ಟಿದ್ದಾರೆ, ಅದು ಮೀಟರಿನಲ್ಲಿ ಸರಿ ತೋರಿಸಿತು. ಜಗಲಿಗೆ ಹೊಸ ವಯರು ಎಳೆಯುವುದು ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಅಂತ ಅಪ್ಪಯ್ಯನ ತೀರ್ಮಾನ. ಅಲ್ಲಿಯ ತನಕ ಮೇಜನ್ನು ಅಡುಗೆಮನೆಯ ಬಾಗಿಲಿಗೆ ಸರಿಸಿದ್ದೇನೆ, ಲ್ಯಾಪ್‌ಟಾಪೂ ಡೆಕ್ಕೂ ಅಲ್ಲಿನ ಒಂದೇ ಬೋರ್ಡಿನಿಂದ. ಬೆರಳಿನ ಜುಮ್ ಇಲ್ಲ, ಗುಂಯ್ ಕಿವಿಗೊಟ್ಟು ಹುಡುಕಿದರೆ ಇದೆ. ಈಗ ಆಯಿ ಮಿಕ್ಸಿಗೆ ಕೈ ಹಾಕುವ ಮೊದಲು ನನ್ನ ಮುಖ ನೋಡಬೇಕು, ಅದರ ಬಗ್ಗೆ ಮನೆಯಲ್ಲಿ ಸ್ವಲ್ಪ ಅಸಮಾಧಾನವಿದೆ.

ಚಿರಿಚಿರಿ ಹಾಗೇ ಇದೆ. ಆದರೆ ಟೇಪು ಓಡಿಸದೆ ಮೌಸ್ ಆಡಿಸುತ್ತಾ ರೆಕಾರ್ಡ್ ಮಾಡಿ, ಆ ಫೈಲನ್ನು ಮೊಬೈಲಿಗೆ ಹಾಕಿ ಕೇಳಿದೆ. ಅದರಲ್ಲಿ ಇಲ್ಲ. ಅಂದರೆ ಅದು ಹೆಡ್‌ಫೋನಿಗೆ ಹೊರಡುವ ದಾರಿಯದ್ದು, ಒಳಗೆ ಬರುವ ದಾರಿಯದ್ದಲ್ಲ. ಫೈಲಿನಲ್ಲಿ ಇಲ್ಲದ ಮೇಲೆ ನನಗೆ ಅದರ ಚಿಂತೆ ಇಲ್ಲ. ಅಪ್ಪಯ್ಯನ ರೆಕಾರ್ಡರಿಗೆ ಇದ್ದದ್ದೇ ಒಂದು ಮೈಕು, ಹಾಗಾಗಿ ಮೋನೋದಿಂದ ನಷ್ಟವೂ ಇಲ್ಲ. ಸೌಂಡ್ ಕಾರ್ಡ್ ಸದ್ಯಕ್ಕೆ ಬೇಡ.

ಉಳಿದದ್ದು ಒಂದು ಸ್ಸ್ ಎನ್ನುವ ಸದ್ದು. ಟೇಪು ಓಡುವಾಗ ಮಾತ್ರ ಬರುತ್ತದೆ, ನಿಲ್ಲಿಸಿದರೆ ಇಲ್ಲ. ಡೆಕ್ಕಿನ ಡಾಲ್ಬಿ ಗುಂಡಿ ಒತ್ತಿದರೆ ಕಡಿಮೆಯಾಗುತ್ತದೆ. ಒತ್ತಿಯೇ ಇಳಿಸಲಾ?

ಹಳೇ ಮೈಕ್‌ಸೆಟ್ (ಕುಮಟಾ):

ಅಪ್ಪಯ್ಯ ಬಳಸಿದ ರೆಕಾರ್ಡರಿನಲ್ಲಿ ಡಾಲ್ಬಿ ಇತ್ತಾ ಕೇಳು. ಹೆಗಲಿಗೆ ಹಾಕಿಕೊಂಡು ಹೋಗುವಂಥ ಸಾದಾ ಯಂತ್ರದಲ್ಲಿ ಇದ್ದಿರಲಾರದು. ಡಾಲ್ಬಿ ಹಾಕಿ ತುಂಬಿಸಿದ ಟೇಪಿಗೆ ಮಾತ್ರ ಆ ಗುಂಡಿ. ಹಾಕದೆ ತುಂಬಿಸಿದ್ದಕ್ಕೆ ಒತ್ತಿದರೆ ಸ್ಸ್ ಜೊತೆಗೆ ತಾಳದ ಕಿಣಿಯೂ ಹೋಗಿ ಸದ್ದು ಮಂಕಾಗುತ್ತದೆ. ಸ್ಸ್ ಟೇಪಿನ ಹುಟ್ಟುಗುಣ, ಅದು ಇರಲಿ. 48 ಕಿಲೋಹರ್ಟ್ಸ್, 24 ಬಿಟ್ ಇಟ್ಟು ವೇವ್ ಫೈಲಾಗಿಯೇ ಉಳಿಸು, ಶುದ್ಧ ಮಾಡುವುದಿದ್ದರೆ ನಕಲಿನ ಮೇಲೆ ಮಾಡು. ಬೂಷ್ಟು ಕಂಡ ಕ್ಯಾಸೆಟ್ ನೇರ ಡೆಕ್ಕಿಗೆ ಹಾಕಬೇಡ, ಒಂದರದ್ದು ಹೆಡ್ಡಿಗೆ ಅಂಟಿ ಉಳಿದವಕ್ಕೂ ಹೋಗುತ್ತದೆ. ಕಾರವಾರದ ತಮ್ಮ ಹೇಳಿದ ಐಸೊಪ್ರೊಪೈಲ್ ಹೆಡ್ ಒರೆಸಲಿಕ್ಕೂ ಆಗುತ್ತದೆ, ರಬ್ಬರ್ ರೋಲರಿಗೆ ಮಾತ್ರ ಹಚ್ಚಬೇಡ.