ಜ್ವರ ಇಳಿದ ದಿನವೇ ಜಾಸ್ತಿ ನೋಡಬೇಕು

ಅಕ್ಕಾ, ಆಸ್ಪತ್ರೆ ಡ್ಯೂಟಿ ಮುಗಿಸಿ ಈಗ ನಮ್ಮ ಮನೆಯವರ ಗ್ರೂಪ್ ನೋಡಿದೆ. ಭಾವ ತೀರ್ಥಹಳ್ಳಿ ಕಡೆ ಖೇಣಿ (ಫಸಲಿನ ಗುತ್ತಿಗೆ) ಹಿಡಿದ ತೋಟದಲ್ಲಿ ಅಡಿಕೆ ಕೊಯ್ಲು ಮುಗಿಸಿ ಬಂದರು, ಬಂದ ಮೇಲೆ ಜ್ವರ ಹಿಡಿಯಿತು, ಇವತ್ತಿಗೆ ಐದನೇ ದಿನ, ಪ್ಲೇಟ್ಲೆಟ್ 92 ಸಾವಿರಕ್ಕೆ ಇಳಿದಿದೆ, ಬೆಳಿಗ್ಗೆಯಿಂದ ಮೈ ತಣ್ಣಗಿದೆ, ಅದಕ್ಕೆ ಆಸ್ಪತ್ರೆ ಬೇಡ ಅಂತಿದ್ದಾರೆ ಅಂತ ಬರೆದಿದ್ದೀಯ. ಕಣ್ಣು ಕೆಂಪಗಿದೆ, ಎರಡು ಸಲ ವಾಂತಿ ಆಯ್ತು ಅಂತಲೂ ಬರೆದಿದ್ದೀಯ. ಅಕ್ಕಾ, ಇವತ್ತೇ ಹೊರಡಿ. ನಾಳೆ ಬೆಳಿಗ್ಗೆ ನೋಡೋಣ ಅನ್ನಬೇಡಿ. ಚನ್ನಗಿರಿ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ, ಅವರು ಹೇಳಿದರೆ ದಾವಣಗೆರೆಗೆ ಕರ್ಕೊಂಡು ಬಾ. ನಾನಿದ್ದೀನಿ.

ಜ್ವರ ಇಳಿಯಿತು ಅಂದ್ರೆ ವಾಸಿ ಆಯ್ತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಡೆಂಗ್ಯೂ ಆಗಿದ್ರೆ ಹಾಗಲ್ಲ. ಮೂರನೇ ದಿನದಿಂದ ಏಳನೇ ದಿನದ ಒಳಗೆ ಜ್ವರ ಬಿಡುತ್ತದಲ್ಲ, ಆಗಿನ 24 ರಿಂದ 48 ಗಂಟೆಯೇ ಕಷ್ಟದ ಸಮಯ. ಆಗ ಕೆಲವರಿಗೆ ರಕ್ತನಾಳದಿಂದ ನೀರಿನಂಶ ಸೋರಿ ಹೊಟ್ಟೆಗೆ, ಎದೆಗೂಡಿಗೆ ಇಳಿಯುತ್ತದೆ. ರಕ್ತ ಗಟ್ಟಿಯಾಗುತ್ತದೆ, ಬಿಪಿ ಬೀಳುತ್ತದೆ. ನಮ್ಮ ಜ್ವರದ ವಾರ್ಡಿಗೆ ತೀರಾ ತಡವಾಗಿ ಬರುವವರಲ್ಲಿ ಎಷ್ಟೋ ಜನರ ಮನೆಯವರು ಇದೇ ಮಾತು ಹೇಳುತ್ತಾರೆ, ನಿನ್ನೆ ಜ್ವರ ಬಿಟ್ಟಿತ್ತು, ಚೆನ್ನಾಗೇ ಇದ್ರು ಅಂತ. ಅದನ್ನು ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತದೆ ನನಗೆ.

ಹೊರಡೋಕೆ ಮುಂಚೆ ಭಾವನನ್ನು ಕಿಟಕಿ ಹತ್ತಿರ ಬೆಳಕಿಗೆ ಕೂರಿಸು. ಒಸಡು ನೋಡು, ಬೆಳಿಗ್ಗೆ ಬಾಯಿ ತೊಳೆದಾಗ ಉಗುಳಿನಲ್ಲಿ ರಕ್ತ ಇತ್ತಾ ಕೇಳು. ತೋಳು, ಹೊಟ್ಟೆ, ಮೊಣಕಾಲ ಕೆಳಗೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ ಇದ್ರೆ ಗಾಜಿನ ಲೋಟ ಒತ್ತಿ ಹಿಡಿದು ಲೋಟದ ಮೂಲಕವೇ ನೋಡು. ಸಾಮಾನ್ಯ ಗಂಧೆ ಆದ್ರೆ ಒತ್ತಿದಾಗ ಬಣ್ಣ ಮಾಯ ಆಗುತ್ತದೆ. ಒತ್ತಿದರೂ ಕೆಂಪಗೇ ಇದ್ರೆ ಚರ್ಮದ ಒಳಗೆ ರಕ್ತ ಒಸರಿದೆ ಅಂತ ಅರ್ಥ. ಆಮೇಲೆ ಹೆಬ್ಬೆರಳ ಉಗುರು ಒತ್ತಿ ಬಿಡು. ಬೆಳ್ಳಗಾದದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ನಿಧಾನ ಆದ್ರೆ, ಕೈಕಾಲು ತಣ್ಣಗಿದ್ರೆ, ಆರು ಗಂಟೆಯಿಂದ ಮೂತ್ರಕ್ಕೆ ಹೋಗಿಲ್ಲ ಅಂದ್ರೆ ಬಸ್ಸು ಕಾಯಬೇಡ, 108 ಕ್ಕೆ ಫೋನ್ ಮಾಡು. ಮಲ ಟಾರಿನ ಹಾಗೆ ಕಪ್ಪಗಾಗಿದ್ರೆ ಒಳಗೆ ರಕ್ತ ಹೋಗ್ತಾ ಇರಬಹುದು. ಭಾವ ಸಂಕೋಚಕ್ಕೆ ಹೇಳಲ್ಲ, ನೀನೇ ಕೇಳು. ಹೊಟ್ಟೆನೋವು ಬಿಡದೇ ಇರೋದು, ವಾಂತಿ ನಿಲ್ಲದೇ ಇರೋದು, ಸುಮ್ನೆ ಸಿಡುಕೋದು, ಕೂತಲ್ಲೇ ತೂಗಡಿಸೋದು, ಇವೂ ಅಪಾಯದ ಗುರುತೇ. ರಕ್ತ ಕಾಣಿಸಿಲ್ಲ ಅಂತ ಧೈರ್ಯ ಮಾಡಬೇಡ. ರಕ್ತ ಹೊರಗೆ ಕಾಣಿಸದೆಯೂ ಬಿಪಿ ಬೀಳಬಹುದು.

ಚಿಕ್ಕಪ್ಪಾ, ನೀವು ಪಪ್ಪಾಯಿ ಎಲೆ ರಸ ಕುಡಿಸಿ ಅಂತ ಹಾಕಿದ್ದೀರಿ. ಪ್ರೀತಿಯಿಂದಲೇ ಹೇಳಿದ್ದೀರಿ, ಗೊತ್ತು. ಆದ್ರೆ ವಾಂತಿ ಆಗುತ್ತಿರುವವರಿಗೆ ಆ ಕಹಿ ಕುಡಿಸಿದ್ರೆ ಹೊಟ್ಟೆಯಲ್ಲಿ ಇರೋ ನೀರೂ ಹೊರಗೆ ಬರುತ್ತದೆ. ಓಆರ್‌ಎಸ್, ಗಂಜಿ, ಎಳನೀರು, ಮಜ್ಜಿಗೆ, ಇವನ್ನು ಗುಟುಕು ಗುಟುಕಾಗಿ ಕೊಡಲಿ. ಪ್ಲೇಟ್ಲೆಟ್ ಎಷ್ಟಾಯ್ತು ಅಂತ ಎಲ್ಲರೂ ಕೇಳ್ತೀರಿ. ಅದೇ ರಿಪೋರ್ಟಿನಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಅಂತ ಇರುತ್ತದೆ, ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ತೋರಿಸೋದು, ಅದನ್ನು ಯಾರೂ ಕೇಳಲ್ಲ. ಪ್ಲೇಟ್ಲೆಟ್ ಇಳೀತಾ ಅದು ಏರುತ್ತಾ ಹೋದ್ರೆ ನೀರು ಸೋರ್ತಿದೆ ಅಂತ ಡಾಕ್ಟರಿಗೆ ತಿಳಿಯುತ್ತದೆ. ಹಳೆ ರಿಪೋರ್ಟ್, ಹೊಸ ರಿಪೋರ್ಟ್ ಎರಡೂ ತಗೊಂಡು ಬಾ ಅಕ್ಕಾ.

ಇನ್ನೊಂದು, ಊರಲ್ಲಿ ಮೈಕೈ ನೋವಿಗೆ ಅಂತ ಸೊಂಟಕ್ಕೆ ಇಂಜೆಕ್ಷನ್ ಕೊಡುತ್ತಾರಲ್ಲ, ಈಗ ದಯವಿಟ್ಟು ಹಾಕಿಸಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಇವೆಲ್ಲ ರಕ್ತಸ್ರಾವ ಜಾಸ್ತಿ ಮಾಡಬಹುದು. ಸೂಜಿ ಚುಚ್ಚಿದ ಕಡೆ ಮಾಂಸದೊಳಗೆ ರಕ್ತ ಕಟ್ಟಿಕೊಳ್ಳಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ, ಅದೂ ಡಾಕ್ಟರು ಹೇಳಿದಷ್ಟು. ಭಾವ ಈಗಾಗಲೇ ಇಂಜೆಕ್ಷನ್ ಹಾಕಿಸಿಕೊಂಡಿದ್ರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ.

ತೀರ್ಥಹಳ್ಳಿ ಮಾತನ್ನು ಡಾಕ್ಟರಿಗೆ ಹೇಳಲೇಬೇಕು. ಅವರು ಕೇಳದೇ ಇದ್ರೂ ನೀನೇ ಬಾಯಿಬಿಟ್ಟು ಹೇಳು: ಕಾಡಿನಂಚಿನ ತೋಟದಲ್ಲಿ ಕೆಲಸ ಮಾಡಿದ್ದಾರೆ, ಇಂಥ ದಿನ ಹೋದರು, ಇಂಥ ದಿನ ಬಂದರು ಅಂತ. ಮಂಗನ ಕಾಯಿಲೆ ಅಂತೀವಲ್ಲ, 1957 ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಪತ್ತೆಯಾಗಿದ್ದು, ಅದು ಇವತ್ತಿಗೂ ಮಲೆನಾಡಿನಲ್ಲಿ ಇದೆ. ಉಣ್ಣೆ, ಅಂದ್ರೆ ರಕ್ತ ಹೀರುವ ಉಣುಗು, ಕಚ್ಚಿ ಬರುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಆ ಉಣ್ಣೆ ಮರಿಗಳು ಜಾಸ್ತಿ. ಕೊಯ್ಲೂ ಆಗಲೇ, ದರಗು (ಒಣಗಿದ ಎಲೆ) ತರೋಕೆ ಕಾಡಿಗೆ ಹೋಗೋದೂ ಆಗಲೇ ಅಲ್ವಾ? ಮರಿ ಉಣ್ಣೆ ಎಷ್ಟು ಸಣ್ಣ ಅಂದ್ರೆ ಕಚ್ಚಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ, ಹಾಗಾಗಿ ‘ನನಗೇನೂ ಕಚ್ಚಿಲ್ಲ’ ಅಂತ ಭಾವ ಹೇಳಿದ್ರೆ ಅಲ್ಲಿಗೇ ಬಿಡಬೇಡ. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಒಮ್ಮೆಲೇ ಜೋರು ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ತಡೆಯಲಾರದ ನೋವು, ಕೆಂಪು ಕಣ್ಣು, ವಾಂತಿ, ಭೇದಿ. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಪ್ಲೇಟ್ಲೆಟ್ ಇದರಲ್ಲೂ ಇಳಿಯುತ್ತದೆ, ಅದಕ್ಕೇ ಡೆಂಗ್ಯೂ ಅಂತ ಅಂದುಕೊಂಡು ಬಿಡುವುದು ಸುಲಭ. ಡೆಂಗ್ಯೂ ಟೆಸ್ಟ್ ಮಾಡಿದ್ರೆ ಇದು ಸಿಗಲ್ಲ, ಇದಕ್ಕೆ ಬೇರೆ ರಕ್ತಪರೀಕ್ಷೆ ಬೇಕು. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ, ಆದ್ರೆ ಬೇಗ ಸೇರಿಸಿ ನೀರು, ಬಿಪಿ, ರಕ್ತ ಸರಿಯಾಗಿ ನೋಡಿಕೊಂಡ್ರೆ ಹೆಚ್ಚಿನವರು ಎದ್ದು ಮನೆಗೆ ಹೋಗುತ್ತಾರೆ. ಹೋದ ಮೇಲೂ ಗಮನ ಇರಲಿ. ಒಂದೆರಡು ವಾರ ಚೆನ್ನಾಗಿದ್ದು ನೂರಕ್ಕೆ 10 ರಿಂದ 20 ಜನಕ್ಕೆ ಮತ್ತೆ ಜ್ವರ ಬರುತ್ತದೆ. ಆಗ ಕತ್ತು ಬಿಗಿಯೋದು, ಕೈ ನಡುಗೋದು, ಕಣ್ಣು ಮಂಜಾಗೋದು, ಏನೇನೋ ಮಾತಾಡೋದು ಆಗಬಹುದು.

ಭಾವನಿಗೆ ಇದೇ ಅಂತ ನಾನು ಹೇಳ್ತಿಲ್ಲ. ಇಲಿಜ್ವರಕ್ಕೂ ಕಣ್ಣು ಹೀಗೇ ಕೆಂಪಾಗುತ್ತದೆ. ಹುಲ್ಲು ಪೊದೆಯ ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಅಂತ ಇದೆ, ಅದರಲ್ಲೂ ಪ್ಲೇಟ್ಲೆಟ್ ಇಳಿಯುತ್ತದೆ. ಇವೆರಡೂ ವೈರಸ್ ಅಲ್ಲ, ಮಾತ್ರೆ ಇದೆ, ಬೇಗ ಶುರು ಮಾಡಿದ್ರೆ ಕೇಳುತ್ತದೆ. ನುಸಿ ಕಚ್ಚಿದ ಗುರುತಿಗೆ ಕಂಕುಳು, ತೊಡೆಸಂದು, ಸೊಂಟದ ದಾರದ ಕೆಳಗೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದೆಯಾ ನೋಡು. ನೋವಿರಲ್ಲ, ಹಾಗಾಗಿ ರೋಗಿಗೇ ಗೊತ್ತಿರಲ್ಲ.

ಅತ್ತಿಗೆ ಕೇಳಿದ್ದಾರೆ, ತಟ್ಟೆ ಲೋಟ ಬೇರೆ ಇಡಬೇಕಾ, ಮಕ್ಕಳನ್ನು ಕಳಿಸಿಬಿಡಲಾ ಅಂತ. ಬೇಡ. ಡೆಂಗ್ಯೂ, ಮಂಗನ ಕಾಯಿಲೆ ಎರಡೂ ಮುಟ್ಟಿದ್ರೆ ಬರಲ್ಲ. ಡೆಂಗ್ಯೂ ಆಗಿದ್ರೆ ಭಾವನನ್ನು ಕಚ್ಚಿದ ಸೊಳ್ಳೆ ಬೇರೆಯವರನ್ನು ಕಚ್ಚಬಾರದು, ಅದಕ್ಕೆ ಹಗಲೂ ಸೊಳ್ಳೆಪರದೆ ಕಟ್ಟಿ. ರಕ್ತ, ವಾಂತಿ ಒರೆಸುವಾಗ ಮಾತ್ರ ಕೈಗವಸು ಹಾಕಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಚಳ್ಳಕೆರೆಯಲ್ಲಿ ಕುರಿ ಸಾಕುವ ನಮ್ಮವರಿಗೂ ಈ ಮಾತು ಇರಲಿ, ಕುರಿ ದನದ ಮೈಗೆ ಕಚ್ಚಿದ ಉಣ್ಣೆ ಹುಳವನ್ನು ಬರಿಗೈಲಿ ಹಿಸುಕಬೇಡಿ. ಕ್ರಿಮಿಯನ್ ಕಾಂಗೋ ಅನ್ನೋ ಇನ್ನೊಂದು ಜ್ವರ ಇದೆ, ಅದು ರೋಗಿಯ ರಕ್ತದಿಂದಲೂ ಹರಡುತ್ತದೆ. ನಮ್ಮ ದೇಶದಲ್ಲಿ ಮೊದಲ ಸಲ 2011 ರಲ್ಲಿ ಗುಜರಾತಿನಲ್ಲಿ ಕಂಡಾಗ ರೋಗಿಯನ್ನು ನೋಡಿಕೊಂಡ ಡಾಕ್ಟರು, ನರ್ಸ್ ಇಬ್ಬರೂ ತೀರಿಕೊಂಡರು. ನಮ್ಮ ಕಡೆ ಇದೆ ಅಂತ ಹೆದರಿಸ್ತಿಲ್ಲ, ಕೈಗವಸು ಯಾಕೆ ಅಂತ ಹೇಳ್ತಿದ್ದೀನಿ ಅಷ್ಟೇ.

ಅಕ್ಕಾ, ಈಗ ಬ್ಯಾಗ್ ರೆಡಿ ಮಾಡು. ರಿಪೋರ್ಟು, ನುಂಗಿದ ಮಾತ್ರೆಗಳ ಶೀಟು, ಆಧಾರ್, ರೇಷನ್ ಕಾರ್ಡ್, ಒಂದು ಹೊದಿಕೆ. ಕೊನೇ ಸಲ ಮೂತ್ರಕ್ಕೆ ಯಾವಾಗ ಹೋದರು ಅಂತ ಚೀಟಿಯಲ್ಲಿ ಬರೆದುಕೋ. ಹೊರಟ ತಕ್ಷಣ ನನಗೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದ್ರೂ ಎತ್ತುತ್ತೀನಿ. ಮತ್ತೆ ಭಾವನ ಫೋನಿನಿಂದ ಆ ತೋಟದಲ್ಲಿ ಜೊತೆಗೆ ಅಡಿಕೆ ಕೊನೆ ಕೊಯ್ದ ಹುಡುಗರಿಗೆಲ್ಲ ಫೋನ್ ಮಾಡಿಸು, ಯಾರಿಗಾದ್ರೂ ಜ್ವರ ಇದೆಯಾ, ಆ ಸುತ್ತಮುತ್ತ ಮಂಗ ಸತ್ತಿದ್ದು ಕಂಡಿದ್ದಾರಾ ಕೇಳಿ. ಜ್ವರ ಇದ್ರೆ ಅವರೂ ಇವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಲಿ, ಸತ್ತ ಮಂಗದ ಹತ್ತಿರ ಯಾರೂ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಲಿ.