ಹಿಂಜವಡಿಯ ಫಿಲ್ಟರ್, ದಾದರ್‌ನ ವಹಿ

ಮಂಗಳವಾರ ಬೆಳಿಗ್ಗೆ ಏಳೂವರೆಗೆ ನಮ್ಮ 'ಹುಬ್ಬಳ್ಳಿ ಮನೆ' ಗುಂಪಿಗೆ ಒಂದು ಮೆಸೇಜ್ ಬಂತು. ಹಾಕಿದವರು ಡೊಂಬಿವಲಿಯ ಪ್ರಮೀಳಾ ಅತ್ಯಾ. ಮೇಲೆ ಎರಡು ಬಾಣದ ಗುರುತು ಇತ್ತು, ಅಂದರೆ ಎಷ್ಟೋ ಕೈ ದಾಟಿ ಬಂದದ್ದು.

'ಎಚ್ಚರ! ಹೊಸ ಕಾನೂನು ಬಂದಿದೆ. ಆಫೀಸಿನಲ್ಲಿ ಅಡುಗೆ, ಕಸೂತಿ, ಹಕ್ಕಿ, ರೈಲು, ಯಾವ ಹವ್ಯಾಸದ ಸೈಟ್ ತೆರೆದರೂ ಸರ್ಕಾರಕ್ಕೆ ವರದಿ ಹೋಗುತ್ತದೆ. ಮೂರು ಸಲ ಸಿಕ್ಕಿಬಿದ್ದರೆ ಸಂಬಳ ಕಟ್. ನಿಮ್ಮ ಮಕ್ಕಳಿಗೆ ಕೂಡಲೇ ತಿಳಿಸಿ.'

ಕೆಳಗೆ ಅತ್ಯಾ ತಾವೇ ಬರೆದಿದ್ದರು: 'ಶುಭಾ, ನೀನು ಆಫೀಸಿನಲ್ಲಿ ರೈಲು ನೋಡುತ್ತೀಯಲ್ಲ, ಜೋಪಾನ ಮಗಳೇ.'

ಅತ್ಯಾಗೆ ಯಾಕೆ ಹೆದರಿಕೆಯಾಯಿತು ಅಂತ ನನಗೆ ಗೊತ್ತು. ಹದಿನೈದು ದಿನದ ಹಿಂದೆ ಫೋನಿನಲ್ಲಿ ಅವರ ಹತ್ತಿರ ನಾನೇ ಅತ್ತುಕೊಂಡಿದ್ದೆ. ನಾನು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುತ್ತೇನೆ. ಊಟದ ಬಿಡುವಿನಲ್ಲಿ ಡಬ್ಬಿ ಖಾಲಿಯಾದ ಮೇಲೆ ಇಪ್ಪತ್ತು ನಿಮಿಷ ಉಳಿಯುತ್ತದೆ. ಆ ಇಪ್ಪತ್ತು ನಿಮಿಷ ನಾನು ರೈಲಿನ ಬಗ್ಗೆ ಓದುತ್ತಿದ್ದೆ. ಐಆರ್‌ಎಫ್‌ಸಿಎ ಅಂತ ಒಂದು ಸೈಟ್ ಇದೆ. ಭಾರತದ ರೈಲು ಪ್ರೇಮಿಗಳು 1989ರಲ್ಲಿ ಶುರು ಮಾಡಿದ ಕೂಟದ್ದು. ಕರ್ಜತ್‌ನಲ್ಲಿ ಗಾಡಿಯ ಹಿಂದೆ ಬ್ಯಾಂಕರ್ ಎಂಜಿನ್ ಯಾಕೆ ಹಚ್ಚುತ್ತಾರೆ, 37 ಅಡಿಗೆ ಒಂದು ಅಡಿ ಏರುವ ಭೋರ್ ಘಾಟನ್ನು ಅವು ಹೇಗೆ ದೂಡಿ ಹತ್ತಿಸುತ್ತವೆ, ಚಿತ್ತರಂಜನ್ ಕಾರ್ಖಾನೆ 1961ರಲ್ಲಿ ಮಾಡಿದ ಮೊದಲ ವಿದ್ಯುತ್ ಎಂಜಿನ್‌ಗೆ 'ಲೋಕಮಾನ್ಯ' ಅಂತ ಹೆಸರಿಟ್ಟದ್ದು, ಇಂಥವೇ ಓದು. ಒಂದು ದಿನ ಸೈಟ್ ತೆರೆದರೆ ಆಫೀಸಿನ ಫಿಲ್ಟರಿನ, ಅಂದರೆ ಸೈಟ್ ತಡೆಯುವ ಸಾಫ್ಟ್‌ವೇರಿನ, ಕೆಂಪು ಪಟ್ಟಿ ಬಂತು. 'ಹವ್ಯಾಸ ಮತ್ತು ಮನರಂಜನೆ: ಸಂಸ್ಥೆಯ ನೀತಿಯ ಪ್ರಕಾರ ತಡೆಹಿಡಿಯಲಾಗಿದೆ.' ಮೊದಲೇ ಒಂದು ಮೇಲ್ ಇಲ್ಲ, ಒಂದು ಮಾತಿಲ್ಲ. ಪಕ್ಕದ ಹುಡುಗಿಗೆ ಕ್ರೋಶಾ ಹೆಣಿಗೆಯ ಸೈಟ್ ಹೋಗಿತ್ತು. ಇನ್ನೊಬ್ಬರಿಗೆ ಚೆಸ್. ಕ್ರಿಕೆಟ್ ಸ್ಕೋರು ಮಾತ್ರ ಆರಾಮಾಗಿ ತೆರೆಯುತ್ತಿತ್ತು. ಇದು ನನಗೆ ಜಾಸ್ತಿ ನೋವು ಕೊಟ್ಟಿತು.

ಗುಂಪಿನಲ್ಲಿ ಮೊದಲು ಬಂದವಳು ಸುಷ್ಮಾ. ಠಾಣೆಯಲ್ಲಿ ಬ್ಯಾಂಕಿನಲ್ಲಿದ್ದಾಳೆ. 'ಯಾವ ಕಾನೂನು? ಸೆಕ್ಷನ್ ಎಷ್ಟು? ಎಂದಿನಿಂದ ಜಾರಿ? ಎಲ್ಲಿ ಓದಿದಿರಿ?' ಸುಷ್ಮಾ ಯಾವಾಗಲೂ ಹೀಗೆಯೇ. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಸರ್ಕಾರ ಸೈಟ್ ತಡೆಯುವುದಕ್ಕೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಸೆಕ್ಷನ್ 69ಎ ಇದೆ, ಅದು ದೇಶದ ಭದ್ರತೆ, ಶಾಂತಿ ಇಂಥ ಕಾರಣಕ್ಕೆ. ಕ್ರೋಶಾ ನೋಡಿದವರ ವರದಿ ತರಿಸಿಕೊಳ್ಳುವುದಕ್ಕಲ್ಲ. ಆಫೀಸು ತನ್ನ ನೆಟ್‌ವರ್ಕಿನಲ್ಲಿ ಏನು ತಡೆಯುತ್ತದೆ ಅನ್ನುವುದು ಆಫೀಸಿನದೇ ನಿಯಮ. ಇಷ್ಟನ್ನು ಅವಳು ನಾಲ್ಕು ಸಾಲಿನಲ್ಲಿ ಬರೆದಳು. ಯಾರೂ ಓದಲಿಲ್ಲ. ಅತ್ಯಾ ಮಾತ್ರ, 'ಒಳ್ಳೆಯದಕ್ಕೆ ಹಾಕಿದೆ ಸುಷ್ಮಾ, ನೀನು ಪರೀಕ್ಷೆ ತೆಗೆದುಕೊಳ್ಳಬೇಡ' ಅಂದರು.

'ಹೋದ ವರ್ಷ ಬೇವಿನ ಎಲೆಯ ಮೆಸೇಜನ್ನೂ ಒಳ್ಳೆಯದಕ್ಕೇ ಹಾಕಿದ್ದಿರಿ' ಅಂತ ಸುಷ್ಮಾ ಬರೆದಳು. ಅಲ್ಲಿಗೆ ಫಿಲ್ಟರ್ ವಿಷಯ ಒಮ್ಮೆ ಹಿಂದೆ ಸರಿಯಿತು.

ಆಮೇಲೆ ವಸಂತ ಕಾಕಾ. ಎಪ್ಪತ್ತೆಂಟು ವಯಸ್ಸು. ನಲವತ್ತು ವರ್ಷ ದಾದರ್‌ನಲ್ಲಿ ಇದ್ದು ಈಗ ಧಾರವಾಡದಲ್ಲಿ ಮನೆ ಮಾಡಿದ್ದಾರೆ. ಬೆಳಗಿನ ಪೂಜೆ ಮುಗಿಸಿಯೇ ಅವರು ಗುಂಪು ತೆರೆಯುವುದು. 'ಸಂಬಳ ಕೊಡುವವನ ಸಮಯ ಅವನದು. ನಾವು ಕೆಲಸ ಮಾಡುವಾಗ ಮೇಜಿನ ಮೇಲೆ ಪೇಪರ್ ಕೂಡ ಇಡುತ್ತಿರಲಿಲ್ಲ. ಈಗಿನವರಿಗೆ ಕೆಲಸಕ್ಕಿಂತ ಹವ್ಯಾಸ ದೊಡ್ಡದು. ಕಂಪನಿ ಮಾಡಿದ್ದು ಸರಿ.'

ನಾನು ಬರೆದೆ: 'ಕಾಕಾ, ಅದು ನನ್ನ ಊಟದ ಹೊತ್ತು.'

ಅವರ ಉತ್ತರ ಬರುವ ಮೊದಲೇ ಮಡಗಾಂವ್‌ನಿಂದ ರವಿ ನುಗ್ಗಿದ. ರೈಲು ಅನ್ನುವ ಶಬ್ದ ಕಂಡರೆ ಅವನಿಗೆ ಮಿರಜ್ ನೆನಪಾಗುತ್ತದೆ. 'ಕಾಕಾ, ಮಿರಜ್‌ನಲ್ಲಿ ಗಾಡಿ ಬದಲಿಸುತ್ತಿದ್ದುದು ನೆನಪಿದೆಯೇ?'

ನಿಜ ಹೇಳಬೇಕೆಂದರೆ ನನಗೂ ಖುಷಿಯಾಯಿತು. ಮುಂಬಯಿಯಿಂದ ಮಿರಜ್‌ವರೆಗೆ ಬ್ರಾಡ್ ಗೇಜ್, ಹಳಿಗಳ ನಡುವೆ 1,676 ಮಿಲಿಮೀಟರ್. ಅಲ್ಲಿಂದ ಹುಬ್ಬಳ್ಳಿಗೆ ಮೀಟರ್ ಗೇಜ್, 1,000 ಮಿಲಿಮೀಟರ್. ಒಂದರ ಗಾಡಿ ಇನ್ನೊಂದರ ಮೇಲೆ ಓಡುವುದಿಲ್ಲ. ತೊಂಬತ್ತರ ದಶಕದಲ್ಲಿ ಹಳಿ ಬದಲಾಗುವವರೆಗೆ ನಮ್ಮ ಕಡೆಯ ಪ್ರತಿ ಮನೆಯೂ ನಸುಕಿನಲ್ಲಿ ಅಲ್ಲಿ ಇಳಿದು, ಟ್ರಂಕು, ಹೋಲ್ಡಾಲು, ನೀರಿನ ತಂಬಿಗೆ, ನಿದ್ದೆಗಣ್ಣಿನ ಮಕ್ಕಳು ಎಲ್ಲವನ್ನೂ ಎಣಿಸಿ ಸಣ್ಣ ಗಾಡಿಗೆ ಓಡಬೇಕಿತ್ತು. ರವಿ ಎಲ್ಲ ಬರೆದ. ಹಮಾಲ ಅಜ್ಜಿಯ ಉಪ್ಪಿನಕಾಯಿ ಭರಣಿಯನ್ನು ತಲೆಯ ಮೇಲೆ ಇಟ್ಟುಕೊಂಡದ್ದು, ಅಜ್ಜಿ ಅವನ ಹಿಂದೆಯೇ ಓಡಿದ್ದು, ಸೀಟು ಸಿಕ್ಕ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದ್ದು. ಹದಿನೇಳು ಮೆಸೇಜು. ಅಮೆರಿಕದಲ್ಲಿ ಅರ್ಧರಾತ್ರಿ ಎಚ್ಚರವಿದ್ದ ಅಣ್ಣನೂ ಬಂದು ಹೃದಯದ ಚಿತ್ರ ಹಾಕಿದ. ಕಾಕಾ ಮೆತ್ತಗಾದರು. 2023ರಲ್ಲಿ ಹುಬ್ಬಳ್ಳಿಯಲ್ಲಿ ಉದ್ಘಾಟನೆಯಾದ 1,507 ಮೀಟರ್ ಪ್ಲಾಟ್‌ಫಾರ್ಮಿನ ಫೋಟೋ ಹಾಕಿದರು. 'ಜಗತ್ತಿನಲ್ಲೇ ಉದ್ದದ್ದು, ನಮ್ಮೂರಿನದು' ಅಂದರು.

ಆಗ ನಾನು ಸುಮ್ನೆ ಇರಬೇಕಿತ್ತೋ ಏನೋ. ಇರಲಿಲ್ಲ. 'ಕಾಕಾ, ನಿಮಗೂ ರೈಲು ಇಷ್ಟ. ಮತ್ತೆ 1990ರಲ್ಲಿ ನನ್ನ ವಹಿ ಯಾಕೆ ಕಸಿದುಕೊಂಡಿರಿ?' ಅಂತ ಕೇಳಿದೆ.

ಆ ವರ್ಷ ನನಗೆ ಹತ್ತು. ಬೇಸಿಗೆ ರಜೆಗೆ ದಾದರ್‌ಗೆ ಹೋಗಿದ್ದೆ. ಸಂಜೆ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಎಂಜಿನ್ ನಂಬರುಗಳನ್ನು ಒಂದು ವಹಿಯಲ್ಲಿ ಬರೆಯುತ್ತಿದ್ದೆ. ಇನ್ನೂರು ದಾಟಿತ್ತು. ಕಾಕಾ ನೋಡಿ, 'ಹುಡುಗಿಗೆ ಎಂಜಿನ್ ನಂಬರಿನಿಂದ ಏನು ಆಗಬೇಕು, ಲೆಕ್ಕ ಮಾಡು' ಅಂತ ವಹಿ ತೆಗೆದು ಕಪಾಟಿನಲ್ಲಿಟ್ಟರು. ತಿರುಗಿ ಕೊಡಲಿಲ್ಲ.

'ನಾನು ಹಾಗೆ ಹೇಳಿಯೇ ಇಲ್ಲ' ಅಂತ ಕಾಕಾ.

'ನೀನು ಹೇಳಿದ್ದೆ ವಸಂತ. ನಾನು ಅಲ್ಲೇ ಕಾಯಿಪಲ್ಲೆ ಹೆಚ್ಚುತ್ತಿದ್ದೆ' ಅಂತ ನನ್ನ ಅವ್ವ ಬರೆದಳು. ಅವಳು ಗುಂಪಿನಲ್ಲಿ ಹಬ್ಬದ ದಿನ ಬಿಟ್ಟರೆ ಏನೂ ಬರೆಯುವವಳಲ್ಲ.

'ವೈನಿ, ನೀವೂ ಶುರು ಮಾಡಿದಿರಾ?' ಅಂದರು ಕಾಕಾ. ಸುಷ್ಮಾ ತನ್ನ ಚಿತ್ರಕಲೆ ಕ್ಲಾಸು ಬಿಡಿಸಿದ್ದನ್ನು ತೆಗೆದಳು. ರವಿಗೆ ಮಾತ್ರ ಸೈಕಲ್ ಕೊಡಿಸಿದ್ದನ್ನು ಯಾರೋ ತೆಗೆದರು. ಹತ್ತೂವರೆಗೆ 'ವಸಂತ ಕಾಕಾ ಗುಂಪು ಬಿಟ್ಟರು' ಅಂತ ಬಂತು. ಅತ್ಯಾ ಮಧ್ಯಾಹ್ನ ಮತ್ತೆ ಸೇರಿಸಿದರು. ಅಷ್ಟರಲ್ಲಿ ಬೆಳಗಿನ ಫಾರ್ವರ್ಡ್ ಯಾರಿಗೂ ನೆನಪಿರಲಿಲ್ಲ.

ರಾತ್ರಿ ಶ್ರೀಧರಣ್ಣ ಬಂದ. ನವಿ ಮುಂಬಯಿಯಲ್ಲಿ ಒಂದು ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವವನು, ಅಂದರೆ ಇಂಥ ಫಿಲ್ಟರ್ ಹಾಕುವವನೇ. ಅವನಿಗೂ ಬೈಗುಳ ಬಿದ್ದವು, ಪಾಪ. ಆದರೆ ದಿನವಿಡೀ ನಡೆದ ಮಾತಿನಲ್ಲಿ ಉಪಯೋಗದ್ದು ಅವನದೇ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಕಂಪನಿಯೂ ಕೂತು ಒಂದೊಂದೇ ಸೈಟ್ ನೋಡಿ ತಡೆಯುವುದಿಲ್ಲವಂತೆ. ಫಿಲ್ಟರ್ ಮಾರುವವರ ಹತ್ತಿರ ಕೋಟಿಗಟ್ಟಲೆ ವಿಳಾಸಗಳ ಪಟ್ಟಿ ಇರುತ್ತದೆ. ಒಂದೊಂದಕ್ಕೂ ಒಂದು ವರ್ಗ: ಜೂಜು, ಆಟ, ಸುದ್ದಿ, ಕ್ರೀಡೆ, ಹವ್ಯಾಸ. ಆಫೀಸಿನಲ್ಲಿ ಒಬ್ಬರು ವರ್ಗದ ಮುಂದೆ ಟಿಕ್ ಹಾಕುತ್ತಾರೆ. ಒಂದು ಟಿಕ್‌ಗೆ ಲಕ್ಷ ಸೈಟ್ ಹೋಗುತ್ತವೆ. ಕ್ರಿಕೆಟ್ ಉಳಿದದ್ದು 'ಕ್ರೀಡೆ' ಬೇರೆ ವರ್ಗವಾದ್ದರಿಂದ. ಹವ್ಯಾಸಿಗಳು ಸ್ವಂತ ಖರ್ಚಿನಲ್ಲಿ ನಡೆಸುವ ಸಣ್ಣ ಸೈಟುಗಳಿಗೆ ಇನ್ನೂ ಕಷ್ಟ. ಅವು ಎಷ್ಟೋ ಸಲ 'ವರ್ಗ ಗೊತ್ತಿಲ್ಲ' ಅನ್ನುವ ರಾಶಿಯಲ್ಲಿ ಬೀಳುತ್ತವೆ. ಮೋಸದ ಹೊಸ ಸೈಟುಗಳೂ ಅದೇ ರಾಶಿಯಲ್ಲಿ ಇರುವುದರಿಂದ ಅದನ್ನು ಪೂರ್ತಿ ಮುಚ್ಚುತ್ತಾರೆ. 'ಮುಚ್ಚದಿದ್ದರೆ ನಾಳೆ ಯಾರೋ ತಪ್ಪು ಲಿಂಕ್ ಒತ್ತಿ ಇಡೀ ಆಫೀಸು ನಿಂತರೆ ನನ್ನ ಕೊರಳಿಗೆ ಬರುತ್ತದೆ' ಅಂದ. ಅದೂ ನಿಜವೇ.

ಬರೀ ಪದ ನೋಡಿ ತಡೆಯುವ ಫಿಲ್ಟರುಗಳು ಮಾಡಿದ ತಪ್ಪಿಗೆ ಅವನು ಎರಡು ಉದಾಹರಣೆ ಕೊಟ್ಟ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿಯಲ್ಲಿ ಖಾತೆ ತೆರೆಯಲು ಆಗಲಿಲ್ಲ, ಊರಿನ ಹೆಸರಿನ ಒಳಗೆ ಒಂದು ಕೆಟ್ಟ ಶಬ್ದದ ಅಕ್ಷರಗಳಿದ್ದವು. 2020ರಲ್ಲಿ ಪ್ರಾಚೀನ ಜೀವಿಗಳ ವಿಜ್ಞಾನಿಗಳು ಆನ್‌ಲೈನ್ ಸಮ್ಮೇಳನ ಮಾಡಿದಾಗ ಪ್ರಶ್ನೆಗಳಲ್ಲಿ 'ಬೋನ್' ಅನ್ನುವ ಶಬ್ದವನ್ನೇ ಫಿಲ್ಟರ್ ಬಿಡಲಿಲ್ಲ. ಮೂಳೆಯ ಬಗ್ಗೆಯೇ ಅಧ್ಯಯನ ಮಾಡುವವರಿಗೆ! ಸುಷ್ಮಾ ಇದಕ್ಕೂ ಮೂಲ ಕೇಳಿದಳು. ಹುಡುಕಿ ನೋಡಿ, 'ಹೌದು, ನಿಜ' ಅಂತ ಬರೆದಳು. ಅವಳ ಈ ಗುಣ ನನಗೆ ಇಷ್ಟ.

ಇನ್ನೊಂದು ಮಾತು ಹೇಳಿದ, ಎಲ್ಲರೂ ತಿಳಿದುಕೊಳ್ಳಬೇಕಾದದ್ದು. ಬ್ರೌಸರಿನಲ್ಲಿ ಬೀಗದ ಗುರುತು ಇದ್ದರೂ ಯಾವ ಸೈಟಿಗೆ ಹೋದಿರಿ ಅನ್ನುವುದು ಆಫೀಸಿಗೆ ಸಾಮಾನ್ಯವಾಗಿ ಕಾಣುತ್ತದೆ. ಕಂಪನಿ ತನ್ನ ಸರ್ಟಿಫಿಕೇಟನ್ನು ಲ್ಯಾಪ್‌ಟಾಪಿನಲ್ಲಿ ಹಾಕಿದ್ದರೆ ಒಳಗಿನ ಪುಟವನ್ನೂ ಬಿಚ್ಚಿ ನೋಡಬಹುದು. ಸರ್ಟ್-ಇನ್ ಅಂದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತೆಯ ಸಂಸ್ಥೆ; ಅದರ 2022ರ ಆದೇಶದ ಪ್ರಕಾರ ಕಂಪನಿಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಯ 180 ದಿನದ ಲಾಗ್, ಅಂದರೆ ದಾಖಲೆ, ಇಟ್ಟುಕೊಳ್ಳಬೇಕು. ದಿನದಿನದ ಪಟ್ಟಿ ಸರ್ಕಾರಕ್ಕೆ ಹೋಗುವುದಿಲ್ಲ, ಕಂಪನಿಯ ಹತ್ತಿರ ಇರುತ್ತದೆ. ಅತ್ಯಾರ ಫಾರ್ವರ್ಡ್ ಇಲ್ಲಿಂದಲೇ ತಿರುಚಿಕೊಂಡು ಹುಟ್ಟಿರಬೇಕು ಅಂತ ನನ್ನ ಅನಿಸಿಕೆ.

'ಹಾಗಾದರೆ ಖಾಸಗಿತನದ ಹಕ್ಕು? 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಕೊಟ್ಟದ್ದು ನಮ್ಮ ಕರ್ನಾಟಕದ ಪುಟ್ಟಸ್ವಾಮಿಯವರ ಕೇಸಿನಲ್ಲಿ!' ಇದನ್ನು ಬರೆದವರು ಯಾರು ಗೊತ್ತೇ? ಬೆಳಿಗ್ಗೆ ಕಂಪನಿ ಸರಿ ಅಂದ ವಸಂತ ಕಾಕಾ. ಸುಷ್ಮಾ ಅದು ಮುಖ್ಯವಾಗಿ ಸರ್ಕಾರದ ವಿರುದ್ಧದ ಹಕ್ಕು ಅಂದಳು. ಆಮೇಲೆ ಯುರೋಪಿನ ಒಂದು ಕೇಸು ಹಾಕಿದಳು. ರೊಮೇನಿಯಾದ ಬಾರ್ಬುಲೆಸ್ಕು ಅನ್ನುವ ಎಂಜಿನಿಯರನ್ನು ಆಫೀಸಿನ ಚಾಟ್‌ನಲ್ಲಿ ಸ್ವಂತ ಮಾತು ಬರೆದದ್ದಕ್ಕೆ 2007ರಲ್ಲಿ ಕೆಲಸದಿಂದ ತೆಗೆದರು. ಹತ್ತು ವರ್ಷದ ಮೇಲೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪರ ನಿಂತಿತು. ಅವರ ಮೇಲೆ ಎಷ್ಟು ಕಣ್ಣಿಡುತ್ತೇವೆ ಅನ್ನುವುದನ್ನು ಮೊದಲೇ ಹೇಳಿರಲಿಲ್ಲ ಅನ್ನುವುದು ಅದರಲ್ಲಿ ದೊಡ್ಡ ಕಾರಣ.

ನನ್ನ ಮಾತೂ ಅಷ್ಟೇ. ಆಫೀಸಿನ ನೆಟ್‌ವರ್ಕು ಆಫೀಸಿನದು, ಒಪ್ಪುತ್ತೇನೆ. ಮೋಸದ ಸೈಟ್ ತಡೆಯಲಿ. ಆದರೆ ಒಂದು ವರ್ಗ ಮುಚ್ಚುವ ಮೊದಲು ನಮಗೆ ಹೇಳಿ. ಊಟದ ಒಂದು ಗಂಟೆ ತೆರೆದಿಡಿ, ಫಿಲ್ಟರುಗಳಲ್ಲಿ ಹೊತ್ತು ನೋಡಿ ತೆರೆಯುವ ಸೌಲಭ್ಯ ಇದೆ ಅಂತ ಶ್ರೀಧರಣ್ಣನೇ ಹೇಳಿದ. ಜನ ಇಷ್ಟಪಟ್ಟು ಓದುವುದನ್ನು ಕೇಳದೆ ಕಿತ್ತುಕೊಳ್ಳಬೇಡಿ.

ಹನ್ನೊಂದು ಗಂಟೆಗೆ ಕಾಕಾ ಗುಂಪಿನ ಹೊರಗೆ, ನನಗೊಬ್ಬಳಿಗೇ ಬರೆದರು. 'ದಾದರ್ ಮನೆ ಬಿಡುವಾಗ ಆ ವಹಿ ರದ್ದಿಗೆ ಹೋಯಿತು ಶುಭಾ. ನನಗೆ ನೆನಪಿದೆ. ನಿನ್ನ ಆಫೀಸಿಗೆ ಅರ್ಜಿ ಬರೆಯುವುದಿದ್ದರೆ ನಾನು ತಿದ್ದಿಕೊಡುತ್ತೇನೆ.' ತುಂಬಾ ಹೊತ್ತು ಏನೂ ಬರೆಯಲು ಆಗಲಿಲ್ಲ. ಕೊನೆಗೆ 'ಆಯಿತು ಕಾಕಾ' ಅಂದೆ.

ಮರುದಿನ ಊಟದ ಹೊತ್ತಿನಲ್ಲಿ ಹೆಲ್ಪ್‌ಡೆಸ್ಕ್ ಅರ್ಜಿ ತೆರೆದೆ. ಸೈಟಿನ ವಿಳಾಸ ಬರೆದೆ, ವರ್ಗ ಬರೆದೆ. ಕ್ರೋಶಾ ಮತ್ತು ಚೆಸ್ ಕೂಡ ಸೇರಿಸಿದೆ, ಅವರಿಬ್ಬರನ್ನೂ ಕೇಳಿಯೇ. ಕೊನೆಯಲ್ಲಿ ಒಂದು ಖಾನೆ: 'ಕೆಲಸಕ್ಕೆ ಸಂಬಂಧಿಸಿದ ಕಾರಣ, ಕಡ್ಡಾಯ.' ಸುಳ್ಳು ಬರೆಯಲು ಮನಸ್ಸಾಗಲಿಲ್ಲ. ಕಾಕಾ ತಿದ್ದಿಕೊಟ್ಟ ಸಾಲನ್ನೇ ಹಾಕಿದೆ: 'ಮಧ್ಯಾಹ್ನ ಒಂದರಿಂದ ಎರಡರವರೆಗೆ ಓದಲು. ಎರಡಕ್ಕೆ ಕೆಲಸಕ್ಕೆ ಮರಳುತ್ತೇನೆ.' ಇವತ್ತಿಗೆ ನಾಲ್ಕು ದಿನ. ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ ಅಂತ ತೋರಿಸುತ್ತಿದೆ. ಕಾಕಾ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಕೇಳುತ್ತಾರೆ, 'ಬಂತೇ?'